ಸಂಗಾತಿ ಕಾರಣದ ವರ್ಗಾವಣೆ

ನಮ್ಮ ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ವರ್ಗಾವಣೆ ಕೋರುವ ಪೋರ್ಟಲ್ ತೆರೆಯುತ್ತದೆ. ಹತ್ತು ದಿನ ಇದ್ದು ಮುಚ್ಚಿಹೋಗುತ್ತದೆ. ಕಾರಣ ಆರಿಸಲು ಅಲ್ಲೊಂದು ಪಟ್ಟಿ ಇರುತ್ತದೆ: ಸ್ವಂತ ಅನಾರೋಗ್ಯ, ತಂದೆತಾಯಿಯ ಅನಾರೋಗ್ಯ, ಮಕ್ಕಳ ಓದು, ಸಂಗಾತಿ. ಸಂಗಾತಿ ಎಂದು ಆರಿಸಿದರೆ ಆ ಸಂಗಾತಿ ನಿಜಕ್ಕೂ ಆ ಊರಿನಲ್ಲಿ ಕೆಲಸ ಮಾಡುತ್ತಿದ್ದಾರೆ ಎಂಬುದಕ್ಕೆ ಅವರ ಕಚೇರಿಯ ಪ್ರಮಾಣಪತ್ರ ಲಗತ್ತಿಸಬೇಕು. ಹೋದ ವರ್ಷದ್ದು ನಡೆಯುವುದಿಲ್ಲ. ಪ್ರತಿ ವರ್ಷ ಹೊಸ ತಾರೀಕು, ಹೊಸ ಸಹಿ, ಹೊಸ ಮೊಹರು. ಹೋದ ವರ್ಷ ಗಂಡನಾಗಿದ್ದ ಮಾತ್ರಕ್ಕೆ ಈ ವರ್ಷವೂ ಆಗಿರುತ್ತಾನೆಂದು ಬ್ಯಾಂಕು ನಂಬುವುದಿಲ್ಲ. ಮೊದಲ ಸಲ ಈ ನಿಯಮ ಓದಿದಾಗ ನನಗೆ ನಗು ಬಂದಿತ್ತು. ಆಮೇಲೆ ಎರಡು ವರ್ಷ, ನನ್ನ ದಾಂಪತ್ಯ ಉಳಿಯುವುದೂ ಮುಗಿಯುವುದೂ ಈ ಒಂದು ಕಾಗದದ ಮೇಲೆ ನಿಂತಿದೆ ಎಂದು ನಾನೇ ನಂಬಿಕೊಂಡು ಕೂತೆ.

ನಾನು ಧಾರವಾಡದವಳು. ಅವರು ತುಮಕೂರು ಕಡೆಯವರು. ಇಬ್ಬರೂ ಬೇರೆ ಬೇರೆ ಬ್ಯಾಂಕಿನ ಅಧಿಕಾರಿಗಳು. ಮದುವೆಯಾದ ಮೇಲೆ ಏಳು ವರ್ಷ ವಿಜಯವಾಡದ ಪಟಮಟದಲ್ಲಿ, ಮೂರನೇ ಮಹಡಿಯ ಒಂದು ಮನೆಯಲ್ಲಿ ಒಟ್ಟಿಗಿದ್ದೆವು. ಮಕ್ಕಳಾಗಲಿಲ್ಲ. ಅದನ್ನು ಒಂದು ಹಂತದಲ್ಲಿ ಇಬ್ಬರೂ ಒಪ್ಪಿಕೊಂಡೆವು, ಅದು ಇಲ್ಲಿ ಕಾರಣವಲ್ಲ. ಕಾರಣ ಹುಡುಕುವವರು ಮೊದಲು ಅಲ್ಲಿಗೇ ಕೈಹಾಕುತ್ತಾರೆ, ಅದಕ್ಕೆ ಮುಂಚೆಯೇ ಹೇಳಿಬಿಡುತ್ತಿದ್ದೇನೆ. ಎಂಟನೇ ವರ್ಷ ನನಗೆ ಬಡ್ತಿ ಬಂತು, ಬಡ್ತಿಯ ಜೊತೆಗೆ ವಿಶಾಖಪಟ್ಟಣ ಬಂತು.

ಮೊದಲು ಹಾಕಿದ್ದು ಪೆಂಡುರ್ತಿಯ ಶಾಖೆಗೆ. ಅಲ್ಲೇ ಒಂದು ಮನೆಯ ಮೇಲ್ಮಹಡಿ ಹಿಡಿದೆ. ಕೆಳಗೆ ಮನೆಯೊಡತಿ. ಬಳ್ಳಾರಿಯಲ್ಲಿ ಹುಟ್ಟಿ, ನಲವತ್ತು ವರ್ಷದ ಹಿಂದೆ ಇಲ್ಲಿಯ ತೆಲುಗು ಮನೆಗೆ ಸೊಸೆಯಾಗಿ ಬಂದವರು. ಅವರ ಮಕ್ಕಳಿಗೆ ಕನ್ನಡ ಬರುವುದಿಲ್ಲ, ಅವರಿಗೂ ಅರ್ಧಕ್ಕರ್ಧ ಮರೆತಿದೆ. ನಾನು ಸಿಕ್ಕ ಮೇಲೆ ಪೆಟ್ಟಿಗೆಯಿಂದ ಹಳೆಯ ಸೀರೆ ತೆಗೆಯುವವರ ಹಾಗೆ ಒಂದೊಂದೇ ಮಾತು ಹೊರಗೆ ತೆಗೆದರು. ಆದರೂ ವಾಕ್ಯದ ಕೊನೆಗೆ ‘ಕದಾ’ ಎಂಬ ತೆಲುಗಿನ ‘ಅಲ್ಲವೇ’ ಬಂದು ಸೇರಿಕೊಳ್ಳುತ್ತಿತ್ತು.

ಒಂದು ವರ್ಷ ಕಳೆಯುವಷ್ಟರಲ್ಲಿ ನನ್ನನ್ನು ಅಚ್ಯುತಾಪುರಂ ಶಾಖೆಗೆ ಕಳಿಸಿದರು. ಸುತ್ತ ಕಾರ್ಖಾನೆಗಳು, ಪಾಳಿ ಮುಗಿಸಿ ಬರುವ ಕೆಲಸಗಾರರು. ಪೆಂಡುರ್ತಿಯಿಂದ ದಿನಾ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ನಾಲ್ಕು ಜನ ಸೇರಿ ಒಂದು ಕಾರಿನಲ್ಲಿ ಹೋಗುತ್ತಿದ್ದೆವು. ಮನೆ ಬದಲಾಯಿಸಿ ಮೇಡಂ ಎಂದು ಎಲ್ಲರೂ ಹೇಳಿದರು. ಹೇಗೂ ವಿಜಯವಾಡಕ್ಕೆ ಹೋಗುವವಳು, ಎರಡೆರಡು ಸಲ ಸಾಮಾನು ಕಟ್ಟುವುದೇಕೆ ಎಂದು ಸಮಜಾಯಿಷಿ ಕೊಟ್ಟೆ. ಅದೇ ವರ್ಷ ಅಡುಗೆಮನೆಗೆ ಕಪಾಟು ಮಾಡಿಸಿದೆ. ಟೆರೇಸಿನಲ್ಲಿ ಕುಂಡಗಳಿಟ್ಟು ಮೆಂತ್ಯ, ಪುಂಡಿ ಸೊಪ್ಪು ಬೆಳೆಸಿದೆ. ಹೊರಡುವವರು ಕಪಾಟು ಮಾಡಿಸುತ್ತಾರೆಯೇ ಎಂದು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಎರಡನೇ ಶನಿವಾರ ಅವರು ಬರುವುದು, ನಾಲ್ಕನೇ ಶನಿವಾರ ನಾನು ಹೋಗುವುದು ಎಂದು ಕರಾರಾಗಿತ್ತು. ಮೊದಲ ವರ್ಷ ಚಾಚೂ ತಪ್ಪದೆ ನಡೆಯಿತು. ಎರಡನೇ ವರ್ಷ ಆಡಿಟ್ ಬಂತು, ಜ್ವರ ಬಂತು, ರೈಲಿನ ಟಿಕೆಟ್ ಸಿಗಲಿಲ್ಲ. ಎಲ್ಲವೂ ನಿಜವಾದ ಕಾರಣಗಳೇ. ಮೂರನೇ ವರ್ಷದ ಹೊತ್ತಿಗೆ ಎರಡನೇ ಶನಿವಾರ ಎಂದರೆ ಬಟ್ಟೆ ಒಗೆಯುವ ದಿನವಾಗಿತ್ತು.

ಕಾಗದ ಮಾತ್ರ ಮೊದಲೆರಡು ವರ್ಷ ತಾನಾಗಿಯೇ ಬಂತು. ಪೋರ್ಟಲ್ ತೆರೆದ ದಿನ ನಾನು ಬಾಯಿಬಿಡುವ ಮೊದಲೇ ಫೋನಿಗೆ ಪ್ರಮಾಣಪತ್ರ ಬಂದು ಬಿದ್ದಿರುತ್ತಿತ್ತು. ಎರಡು ಸಲವೂ ಕೋರಿಕೆ ಮಂಜೂರಾಗಲಿಲ್ಲ. ಬಡ್ತಿಯ ಮೇಲೆ ಬಂದವರು ಮೂರು ವರ್ಷ ಇರಲೇಬೇಕು ಎಂದರು. ಮೂರನೇ ವರ್ಷ ಸಿಗುವುದರಲ್ಲಿ ಅನುಮಾನವೇ ಇರಲಿಲ್ಲ. ಆ ವರ್ಷ ಕಾಗದ ಬರಲಿಲ್ಲ.

ನಾನು ಕೇಳಲಿಲ್ಲ. ಮೊದಲ ದಿನ, ನಾಳೆ ಬಂದೀತು ಎಂದುಕೊಂಡೆ. ನಾಲ್ಕನೇ ದಿನ ಸಿಟ್ಟು ಬಂತು. ಏಳನೇ ದಿನ, ನೋಡೋಣ, ಇವರಾಗಿಯೇ ಕಳಿಸುತ್ತಾರೋ ಇಲ್ಲವೋ ಎಂದು ಹಟ ಹಿಡಿದೆ. ದಿನವೂ ಫೋನಿನಲ್ಲಿ ಮಾತಾಡುತ್ತಿದ್ದೆವು: ಊಟವಾಯಿತೇ, ಅಲ್ಲಿ ಮಳೆಯೇ, ಗ್ಯಾಸ್ ಸಿಲಿಂಡರ್ ಬಂತೇ. ಇಬ್ಬರ ಬಾಯಿಂದಲೂ ಪೋರ್ಟಲ್ ಎಂಬ ಶಬ್ದ ಹೊರಬರಲಿಲ್ಲ. ಹತ್ತನೇ ದಿನ ಸಂಜೆ ಅದು ಮುಚ್ಚಿತು. ಮರುದಿನ ಮನೆಯೊಡತಿ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಗಂಡ ಕಾಗದ ಕಳಿಸಲಿಲ್ಲ ಎಂದೆ. ಅಣ್ಣನಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಹೇಳಿದಷ್ಟೂ ಆ ಮಾತು ಗಟ್ಟಿಯಾಗುತ್ತಾ ಹೋಯಿತು.

ಖಾಲಿಯಾದ ಭಾನುವಾರಗಳಿಗೆ ಏನಾದರೂ ಬೇಕಲ್ಲ ಎಂದು ಆಪ್ತಸಲಹೆಯ ಒಂದು ಡಿಪ್ಲೊಮಾಕ್ಕೆ ಸೇರಿದೆ. ಮುಂದೆ ಸಿಬ್ಬಂದಿ ವಿಭಾಗಕ್ಕೆ ಹೋಗಲು ಅನುಕೂಲ ಎಂದು ಶಾಖೆಯಲ್ಲಿ ಹೇಳಿದೆ. ವಿಶಾಖಪಟ್ಟಣದ ಒಂದು ಶಾಲೆಯ ಮಹಡಿಯಲ್ಲಿ ತರಗತಿ. ಐದನೇ ಕ್ಲಾಸಿನ ಮಕ್ಕಳ ಬೆಂಚು, ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು. ಪಾಠ ಹೇಳುತ್ತಿದ್ದವರು ನಿವೃತ್ತ ಉಪನ್ಯಾಸಕಿ, ಸಣ್ಣ ದನಿಯ ತೆಲುಗು ಹೆಂಗಸು. ಯಾವ ಮಾತಿಗೂ ಆಶ್ಚರ್ಯ ಪಡುತ್ತಿರಲಿಲ್ಲ.

ಸಂಬಂಧಗಳು ಹೇಗೆ ಮುರಿಯುತ್ತವೆ ಎಂಬ ಅಧ್ಯಾಯಕ್ಕೆ ಅವರು ಮೂರು ವಾರ ತೆಗೆದುಕೊಂಡರು. ಮೊದಲು ತಕ್ಕಡಿಯ ಸಿದ್ಧಾಂತ. ಜನ ಒಳಗೊಳಗೇ ತೂಗುತ್ತಿರುತ್ತಾರಂತೆ: ಈ ಸಂಬಂಧದಿಂದ ಬರುವುದೆಷ್ಟು, ಹೋಗುವುದೆಷ್ಟು, ಇದನ್ನು ಬಿಟ್ಟರೆ ಬೇರೆ ಏನಿದೆ. ತೂಗಿ ಹಗುರ ಕಂಡರೂ ಕೆಲವರು ಬಿಡುವುದಿಲ್ಲ, ಅಷ್ಟು ವರ್ಷ ಸುರಿದಿರುವುದು ವ್ಯರ್ಥವಾಗುತ್ತದೆಂದು. ಪ್ರೀತಿಯನ್ನು ಬದನೆಕಾಯಿಯ ಹಾಗೆ ತೂಗುವುದು ನನಗೆ ಹಿಡಿಸಲಿಲ್ಲ. ಆದರೆ ‘ಬೇರೆ ಏನಿದೆ’ ಎಂಬ ಕಾಲಮ್ಮಿನ ಎದುರು ಎಲ್ಲರೂ ಇನ್ನೊಬ್ಬ ಗಂಡಸನ್ನೋ ಹೆಂಗಸನ್ನೋ ಊಹಿಸಿ ನಗಾಡುತ್ತಿದ್ದಾಗ, ನನ್ನ ಕಣ್ಣ ಮುಂದೆ ಪುಂಡಿಯ ಕುಂಡ ಬಂತು. ಪಾಠಕ್ಕೆ ಸಂಬಂಧವಿಲ್ಲದ್ದು ಎಂದು ಅದನ್ನು ಅಲ್ಲೇ ಬಿಟ್ಟೆ.

ಎರಡನೇ ವಾರ ನಾಲ್ಕು ಕೆಟ್ಟ ಚಾಳಿಗಳು: ಸಂಗಾತಿಯ ಗುಣವನ್ನೇ ಹಳಿಯುವುದು, ತಾತ್ಸಾರ, ತನ್ನದೇನೂ ತಪ್ಪಿಲ್ಲ ಎನ್ನುವುದು, ಗೋಡೆಯ ಹಾಗೆ ಮೌನವಾಗುವುದು. ನಾನು ನೋಟ್‌ಬುಕ್ಕಿನಲ್ಲಿ ಎರಡು ಕಾಲಮ್ ಹಾಕಿಕೊಂಡು ನ್ಯಾಯಾಧೀಶೆಯ ಗತ್ತಿನಲ್ಲಿ ಗುರುತು ಹಾಕಿದೆ. ಗಂಡನಿಗೆ ಮೂರೂವರೆ ಬಂತು, ನನಗೆ ಅರ್ಧ. ಆ ಅರ್ಧ ತಾತ್ಸಾರದ್ದು. ಅವರು ಯಾವುದನ್ನೂ ಮೊದಲಿನಿಂದ ಹೇಳುವವರು. ಸಿಲಿಂಡರ್ ಬಂತು ಎನ್ನಲು, ಬೆಳಿಗ್ಗೆ ಹಾಲು ತರಲು ಇಳಿದಲ್ಲಿಂದ ಶುರು ಮಾಡುತ್ತಿದ್ದರು. ನಾನು ಸ್ಪೀಕರಿಗೆ ಹಾಕಿ ಬಟ್ಟೆ ಮಡಚುತ್ತಿದ್ದೆ. ಒಟ್ಟಿಗಿದ್ದಾಗ ಸೀಲಿಂಗ್ ಫ್ಯಾನು ನೋಡುತ್ತಿದ್ದೆ. ಅದಕ್ಕೆ ಅರ್ಧ ಸಾಕು ಎಂದು ನನಗೇ ನಾನು ತೀರ್ಪು ಕೊಟ್ಟುಕೊಂಡೆ.

ಮೂರನೇ ವಾರ ಹಂತಗಳ ಸಿದ್ಧಾಂತ. ಮೇಡಂ ಬೋರ್ಡಿನ ಮೇಲೆ ನಾಲ್ಕು ಮೆಟ್ಟಿಲು ಬರೆದರು. ಮೊದಲನೆಯದರಲ್ಲಿ ಒಬ್ಬರು ತಮ್ಮೊಳಗೇ ಕೊರಗುತ್ತಾರೆ, ಸಂಗಾತಿಯ ಕುಂದುಗಳನ್ನು ಎಣಿಸುತ್ತಾರೆ. ಎರಡನೆಯದರಲ್ಲಿ ಅದನ್ನು ಸಂಗಾತಿಯ ಎದುರು ಬಾಯಿಬಿಟ್ಟು ಹೇಳುತ್ತಾರೆ. ಜಗಳವಾಗಬಹುದು, ರಾಜಿಯಾಗಬಹುದು. ಮೂರನೆಯದರಲ್ಲಿ ನಂಟರಿಗೆ, ನೆರೆಯವರಿಗೆ ಗೊತ್ತಾಗುತ್ತದೆ. ನಾಲ್ಕನೆಯದರಲ್ಲಿ ಎಲ್ಲ ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ಮರ್ಯಾದೆ ಉಳಿಯುವಂಥ ಒಂದೊಂದು ಕಥೆ ಕಟ್ಟಿಕೊಳ್ಳುತ್ತಾರೆ. ಬಹಳ ಅಚ್ಚುಕಟ್ಟಾಗಿತ್ತು. ಬ್ಯಾಂಕಿನವರಿಗೆ ಹಂತಗಳೆಂದರೆ ಪ್ರಾಣ. ನಾನು ಮೊದಲ ಹಂತದಲ್ಲಿದ್ದೇನೆ, ಅಪಾಯವಿಲ್ಲ ಎಂದುಕೊಂಡೆ.

ಆ ಅಧ್ಯಾಯಕ್ಕೆ ಒಂದು ಪ್ರಕರಣ ಬರೆದು ಒಪ್ಪಿಸಬೇಕಿತ್ತು. ನಮಗೆ ಗೊತ್ತಿರುವ ಯಾರದಾದರೂ ಮುರಿದ ಅಥವಾ ಮುರಿಯುತ್ತಿರುವ ಸಂಬಂಧ, ಹೆಸರು ಹಾಕಬಾರದು. ನಾನು ನನ್ನದನ್ನೇ ಬರೆದೆ. ‘ಎ, ನಲವತ್ತೊಂದು ವರ್ಷದ ಮಹಿಳೆ, ಉದ್ಯೋಗಸ್ಥೆ’ ಎಂದು ಶುರು ಮಾಡಿ, ಕಾಗದ ಕಳಿಸದ ಗಂಡನ ಮೌನವನ್ನು ಬಿಡಿಸಿ ಬಿಡಿಸಿ ಬರೆದೆ. ಬರೆಯುವಾಗ ಎ ಮೇಲೆ ಕನಿಕರ ಹುಟ್ಟಿ ಒಂದೆರಡು ಕಡೆ ಕಣ್ಣು ಒದ್ದೆಯಾಯಿತು. ಒಳ್ಳೆಯ ಅಂಕ ಬರುತ್ತದೆಂದು ಖಾತ್ರಿಯಿತ್ತು.

ಅಷ್ಟರಲ್ಲಿ ನಾಲ್ಕನೇ ವರ್ಷದ ಪೋರ್ಟಲ್ ತೆರೆದಿತ್ತು. ಕಾಗದ ಬಂದಿರಲಿಲ್ಲ. ಮೂರನೇ ದಿನ, ಭಾನುವಾರ, ಪ್ರಕರಣ ನನ್ನ ಕೈಗೆ ವಾಪಸ್ ಬಂತು. ಅಂಕ ಇರಲಿಲ್ಲ. ಕೊನೆಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಮೇಡಂ ಸಣ್ಣಗೆ ಬರೆದಿದ್ದರು: ನಾಲ್ಕು ಪುಟ ಗಂಡ ಏನು ಮಾಡಲಿಲ್ಲ ಎಂದು ಬರೆದಿದ್ದೀರಿ. ಎ ಒಂದು ಸಲವಾದರೂ ಕೇಳಿದಳೇ? ‘ಎ’ಗೆ ಏನು ಬೇಕಿತ್ತು? ಇವೆರಡಕ್ಕೂ ಉತ್ತರ ಸೇರಿಸಿ ತನ್ನಿ.

ಮೈಯೆಲ್ಲ ಉರಿದುಹೋಯಿತು. ಕಂಡವರ ಸಂಸಾರದ ಕಷ್ಟ ಈ ಮುದುಕಿಗೇನು ಗೊತ್ತು ಎಂದು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಬೈದೆ. ಪೆಂಡುರ್ತಿ ಬರುವಷ್ಟರಲ್ಲಿ ಬೈಗುಳ ಮುಗಿದು ಪ್ರಶ್ನೆ ಮಾತ್ರ ಉಳಿಯಿತು. ಕೇಳಿಬಿಡೋಣ ಎಂದು ತೀರ್ಮಾನಿಸಿದೆ. ಶನಿವಾರ ಬರುತ್ತೇನೆ ಎಂದು ಅವರಿಗೆ ಸಂದೇಶ ಕಳಿಸಿದೆ. ಆಗಲಿ ಎಂದು ಉತ್ತರ ಬಂತು. ಶನಿವಾರ ಹೋದರೂ ಪೋರ್ಟಲ್ ಮುಚ್ಚುವ ಮುನ್ನಾದಿನವಷ್ಟೇ. ಕಾಗದ ಸಿಕ್ಕರೆ ಭಾನುವಾರ ಫೋನಿನಲ್ಲೇ ತುಂಬಿ ಕಳಿಸಬಹುದಿತ್ತು.

ದುವ್ವಾಡದಲ್ಲಿ ಬೆಳಗಿನ ರೈಲು ಹತ್ತಿದೆ. ವಿಜಯವಾಡದವರೆಗೆ ಆರು ಗಂಟೆಯ ಹಾದಿ. ತುನಿ ದಾಟುವಷ್ಟರಲ್ಲಿ ಕೇಳಬೇಕಾದ್ದನ್ನೆಲ್ಲ ಫೋನಿನಲ್ಲಿ ಬರೆದುಕೊಂಡಿದ್ದೆ. ಹಳಿಯಬಾರದು, ನಾನು ಎಂಬಲ್ಲಿಂದ ವಾಕ್ಯ ಶುರು ಮಾಡಬೇಕು ಎಂದು ಪಾಠದಲ್ಲಿತ್ತು. ರಾಜಮಂಡ್ರಿಯ ಸೇತುವೆಯ ಮೇಲೆ ಒಮ್ಮೆ ಓದಿ ನೋಡಿದರೆ, ಎಲ್ಲವೂ ನಾನು ಎಂದೇ ಶುರುವಾಗಿ ನೀವು ಎಂದು ಮುಗಿಯುತ್ತಿದ್ದವು.

ಪಟಮಟದ ಮನೆಯಲ್ಲಿ ಏನೂ ಬದಲಾಗಿರಲಿಲ್ಲ, ನನ್ನ ಕನ್ನಡಿಯ ಮೇಲೆ ಅವರ ಟವಲ್ ನೇತಾಡುತ್ತಿದ್ದುದನ್ನು ಬಿಟ್ಟರೆ. ಹುರುಳಿಕಾಳಿನ ಸಾರು ಮಾಡಿದ್ದರು. ಬೀದಿಯ ತಿರುವಿನಲ್ಲಿ ಮಾರುವವಳಿಂದ ನನಗೆಂದು ಜೋಳದ ರೊಟ್ಟಿ ತಂದಿಟ್ಟಿದ್ದರು. ನೀರು ಕುಡಿದೆ, ಕೂತೆ. ಬರೆದುಕೊಂಡದ್ದು ಒಂದೂ ನೆನಪಾಗಲಿಲ್ಲ.

“ಎರಡು ವರ್ಷ ಆತು, ಕಾಗದ ಯಾಕ ಕಳಸಲಿಲ್ರಿ?” ಎಂದೆ.

ಅವರು ರೊಟ್ಟಿಯ ಪೊಟ್ಟಣ ಬಿಚ್ಚುತ್ತಿದ್ದವರು ನಿಲ್ಲಿಸಿದರು. “ನೀನು ಕೇಳ್ಲಿಲ್ವಲ್ಲ.”

“ಮೊದಲ ಎರಡು ವರ್ಷ ನಾ ಎಲ್ಲಿ ಕೇಳಿದ್ದೆ?”

“ಕೇಳಿರ್ಲಿಲ್ಲ. ನಾನೇ ಕಳಿಸ್ದೆ. ಬಂತು ಅಂತಾನೂ ನೀನು ಹೇಳ್ಲಿಲ್ಲ. ಸರಿ, ಮೂರನೇ ಸಲ ಕೇಳ್ತಾಳೇನೋ ನೋಡೋಣ ಅಂತ ಸುಮ್ನಾದೆ.”

ಒಳಗೆ ಹೋಗಿ ನೀಲಿ ಫೈಲು ತಂದು ಮೇಜಿನ ಮೇಲೆ ಬಿಚ್ಚಿಟ್ಟರು. ಎರಡು ಪ್ರಮಾಣಪತ್ರಗಳಿದ್ದವು. ಒಂದು ಹೋದ ವರ್ಷದ್ದು, ಒಂದು ಈ ವರ್ಷದ್ದು. ಎರಡಕ್ಕೂ ಸಹಿ, ಎರಡಕ್ಕೂ ಮೊಹರು. ತಾರೀಕು ನೋಡಿದೆ. ಎರಡೂ ಪೋರ್ಟಲ್ ತೆರೆದ ದಿನದವೇ. ನಾನು ಏಳನೇ ದಿನ ಹಟ ಹಿಡಿದು ಕೂತಿದ್ದಾಗ ಅದು ಇಲ್ಲಿ ತಯಾರಾಗಿ ಆರು ದಿನವಾಗಿತ್ತು. ಮುನ್ನೂರೈವತ್ತು ಕಿಲೋಮೀಟರ್ ಅಂತರದಲ್ಲಿ ಇಬ್ಬರು ವಿದ್ಯಾವಂತರು ಒಬ್ಬರನ್ನೊಬ್ಬರು ಪರೀಕ್ಷೆಗೆ ಕೂರಿಸಿ, ಯಾರಿಗೂ ಪ್ರಶ್ನೆಪತ್ರಿಕೆ ಕೊಟ್ಟಿರಲಿಲ್ಲ.

ಊರಿನಲ್ಲಿ ಏನು ಹೇಳಿದ್ದೀರಿ ಎಂದು ಕೇಳಿದೆ. ಅವಳ ಬ್ಯಾಂಕು ಬಿಡುತ್ತಿಲ್ಲ ಎಂದು ತಾಯಿಗೂ ತಂಗಿಗೂ ಹೇಳಿದ್ದರಂತೆ. ನಾನು ಅಣ್ಣನಿಗೆ, ಮನೆಯೊಡತಿಗೆ ಹೇಳಿದ್ದನ್ನು ಹೇಳಿದೆ. ಅವರಿಗೆ ಸಣ್ಣಗೆ ನಗು ಬಂತು, ನನಗೂ ಬಂತು. ಮೇಡಂ ಬರೆದ ಮೆಟ್ಟಿಲುಗಳಲ್ಲಿ ನಾವು ಮೊದಲನೆಯದರಿಂದ ಮೂರನೆಯದಕ್ಕೆ ಹಾರಿ, ನಾಲ್ಕನೆಯದಕ್ಕೂ ಕಾಲಿಟ್ಟಿದ್ದೆವು. ಎರಡನೆಯದು ಖಾಲಿ ಉಳಿದಿತ್ತು. ಈಗ, ರೊಟ್ಟಿ ಆರುತ್ತಿರುವಾಗ, ಇಳಿದು ಬಂದು ಅದರ ಮೇಲೆ ಕೂತಿದ್ದೆವು.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಂತೋಷವೇ ಆಯಿತು. ಮುರಿದದ್ದು ಏನೂ ಇಲ್ಲ, ಬರೀ ಜಂಭ ಅಡ್ಡ ಬಂದಿತ್ತು ಎಂದುಕೊಂಡೆ. ಇವರು ಒಳ್ಳೆಯವರು ಎಂದು ಬಹಳ ದಿನಗಳ ಮೇಲೆ ಅನ್ನಿಸಿತು. ಅವರು ಈ ವರ್ಷದ ಪ್ರಮಾಣಪತ್ರವನ್ನು ಫೈಲಿನಿಂದ ಬಿಡಿಸಿ ನನ್ನ ಕಡೆ ತಳ್ಳಿದರು.

“ನಾಳೆವರೆಗೂ ಟೈಮಿದೆಯಲ್ಲ. ಬರ್ತೀನಿ ಅನ್ನು, ತಗೊಂಡು ಹೋಗು.”

ಕೈಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಬೇಕಾಗಿದ್ದದ್ದು ಒಂದೇ ಮಾತು. ನಾನು ಬಾಯಿ ತೆರೆಯಲು ನೋಡಿದೆ. ಈ ಮನೆಗೆ ಬೆಳಗಿನ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದು ನನಗೆ ಮರೆತುಹೋಗಿತ್ತು. ನೆನಪಾದದ್ದು ಪೆಂಡುರ್ತಿಯ ಕಪಾಟು, ಕಾರಿನ ಕಿಟಕಿಯ ಪಕ್ಕದ ನನ್ನ ಜಾಗ, ಯಾರ ಮಾತಿಗೂ ಫ್ಯಾನು ನೋಡಬೇಕಾಗಿಲ್ಲದ ಸಂಜೆಗಳು. ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆದಾದರೂ ನಾನು ಆ ಮನೆ ಉಳಿಸಿಕೊಂಡಿದ್ದೆ. ಎರಡು ವರ್ಷ ಇವರ ಮೇಲೆ ಸಿಟ್ಟಿದ್ದದ್ದು ಕಾಗದ ಬಾರದಿದ್ದುದಕ್ಕಲ್ಲ. ಬಾರದೆ ಇರಲಿ ಎಂದೇ ನಾನು ದಿನ ಎಣಿಸಿದ್ದೆ. ಅವರ ಮೌನ ಇರುವವರೆಗೆ ನನ್ನ ಮನಸ್ಸನ್ನು ನಾನು ನೋಡಿಕೊಳ್ಳಬೇಕಾಗಿರಲಿಲ್ಲ. ಈಗ ಆ ಮೌನದ ಜಾಗದಲ್ಲಿ ಕಾಗದ ಮೇಜಿನ ಮೇಲೆ ಸಹಿಯಾಗಿ, ಮೊಹರಾಗಿ ಕೂತಿತ್ತು. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

“ಬ್ಯಾಡ್ರಿ,” ಎಂದೆ. “ಇಲ್ಲೇ ಇರಲಿ.”

ಅವರು ಕಾರಣ ಕೇಳಲಿಲ್ಲ. ಪ್ರಮಾಣಪತ್ರವನ್ನು ಮತ್ತೆ ಫೈಲಿಗೆ ಸೇರಿಸಿ, ಅಂಚು ಸರಿಮಾಡಿ, ದಾರ ಕಟ್ಟಿದರು. ಆಮೇಲೆ ಊಟ ಮಾಡಿದೆವು. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಇಬ್ಬರೂ ಹೇಳಲಿಲ್ಲ. ಮುಂದಿನದನ್ನೂ ಅಲ್ಲೇ ಮಾತಾಡಿಕೊಂಡೆವು: ಯಾರ ಮೇಲೂ ಆರೋಪವಿಲ್ಲದೆ, ಇಬ್ಬರ ಒಪ್ಪಿಗೆಯ ವಿಚ್ಛೇದನದ ಅರ್ಜಿ ಹಾಕುವುದು, ಊರಿನಲ್ಲಿ ಮೊದಲು ಯಾರಿಗೆ ತಿಳಿಸುವುದು. ಏಳು ವರ್ಷ ಒಂದೇ ಮನೆಯಲ್ಲಿದ್ದಾಗಲೂ ನಾವು ಇಷ್ಟು ಚೆನ್ನಾಗಿ ಮಾತಾಡಿದ ನೆನಪಿಲ್ಲ. ಎರಡನೇ ಹಂತದಲ್ಲಿ ರಾಜಿಯೂ ಆಗಬಹುದು ಎಂದು ಮೇಡಂ ಹೇಳಿದ್ದರು. ಬಿಡುವುದಕ್ಕೂ ರಾಜಿ ಬೇಕಾಗುತ್ತದೆ ಎಂದು ಹೇಳಿರಲಿಲ್ಲ.

ಸ್ಕೂಟರಿನಲ್ಲಿ ಸ್ಟೇಷನ್ನಿನವರೆಗೆ ಬಿಟ್ಟರು. ಹೆಲ್ಮೆಟ್ ತೆಗೆಯದೆ, ಮುಂದಿನ ರಸ್ತೆ ನೋಡುತ್ತಲೇ ಹೇಳಿದರು: “ಅಮ್ಮಂಗೆ ನಿನ್ನ ಬ್ಯಾಂಕು ಬಿಡ್ಲಿಲ್ಲ ಅಂತಾನೇ ಹೇಳ್ತೀನಿ. ನೀನೇನೂ ಯೋಚ್ನೆ ಮಾಡ್ಬೇಡ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರೈಲಿನಲ್ಲಿ ಏಲೂರು ದಾಟುವವರೆಗೂ ಅತ್ತೆ. ಪಕ್ಕದ ಹೆಂಗಸು ಕಿಟಕಿಯ ಜಾಗ ಬಿಟ್ಟುಕೊಟ್ಟಳು.

ಮುಂದಿನ ವಾರ ಪ್ರಕರಣದ ಕೊನೆಗೆ ಒಂದು ಪುಟ ಸೇರಿಸಿ ಒಪ್ಪಿಸಿದೆ. ಎ ಕೇಳಿದಳು ಎಂದು ಬರೆದೆ. ಗಂಡನ ಬಳಿ ಕಾಗದವಿತ್ತು, ಅದನ್ನು ಕೊಟ್ಟರೂ ಎ ತೆಗೆದುಕೊಳ್ಳಲಿಲ್ಲ, ಬಿಟ್ಟುಹೋಗುತ್ತಿದ್ದವಳು ಮೊದಲಿನಿಂದಲೂ ಎ ಎಂದು ಬರೆದೆ. ಮೇಡಂ ಅಲ್ಲೇ ನಿಂತು ಓದಿದರು. ಅಂಕ ಹಾಕಿ, ಹಾಳೆ ಮಡಚಿ ನನ್ನ ಕೈಗೆ ಕೊಟ್ಟರು. ಎ ಈಗ ಹೇಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪರವಾಗಿಲ್ಲ, ಕೆಲಸಕ್ಕೆ ಹೋಗುತ್ತಿದ್ದಾರೆ ಎಂದೆ.

ಅರ್ಜಿ ನ್ಯಾಯಾಲಯದಲ್ಲಿದೆ. ಈ ವರ್ಷದ ಪೋರ್ಟಲ್ ಕೂಡ ತೆರೆದು ಮುಚ್ಚಿತು. ಅದು ಮುಚ್ಚಿದ ಮರುದಿನ ನಾನು ಟೆರೇಸಿನಲ್ಲಿ ಪುಂಡಿ ಕೀಳುತ್ತಿದ್ದಾಗ ಮನೆಯೊಡತಿ ಮೇಲೆ ಬಂದರು. ಮೊಣಕಾಲು ನೋವಿದ್ದರೂ ವರ್ಷಕ್ಕೊಮ್ಮೆ ಇದನ್ನು ಕೇಳಲೆಂದೇ ಮೆಟ್ಟಿಲು ಹತ್ತುತ್ತಾರೆ. ಹೋದ ವರ್ಷ ನಾನು ಮಾತು ತೇಲಿಸಿದ್ದೆ.

“ಈ ಸಲಾನಾದ್ರೂ ಕಾಗದ ಬಂತಾ ಅಮ್ಮಾ?” ಎಂದು ಕೇಳಿದರು.

“ಕಾಗದ ಹೋದ ವರ್ಷನ ಇತ್ರಿ ಅಮ್ಮಾ. ಅವರು ಕೊಟ್ಟರು, ನಾನ ತಗೊಳ್ಳಲಿಲ್ಲ.”

ಅವರು ನನ್ನ ಮುಖವನ್ನೂ ಕೈಯಲ್ಲಿದ್ದ ಸೊಪ್ಪನ್ನೂ ನೋಡಿದರು. ಒಂದು ಹಿಡಿ ಸೊಪ್ಪು ತಮ್ಮ ಸೆರಗಿಗೆ ಹಾಕಿಸಿಕೊಂಡರು. ಮೆಟ್ಟಿಲ ಹತ್ತಿರ ಹೋದವರು ತಿರುಗಿ ನಿಂತರು.

“ಹಂಗಾದ್ರೆ ಮನೆ ಖಾಲಿ ಮಾಡಲ್ಲ, ಕದಾ?”

ಇಲ್ಲ, ಇಲ್ಲೇ ಇರುತ್ತೇನೆ ಎಂದೆ. ನಾಲ್ಕು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.